ಗಾಳಿಯ ಎಳೆತಕ್ಕೊಂದು ಹೆಸರು

ಪಡುಗಾಳಿ ಎಂದರೆ ಯಾವ ಕಡೆಗೆ ಬೀಸುವ ಗಾಳಿ? ಇದೇನು ಮಕ್ಕಳಿಗೆ ಕೇಳುವ ಪ್ರಶ್ನೆ ಎಂದು ತಾವು ನಗಬಹುದು. ಪಡುವಣದಿಂದ ಮೂಡಣಕ್ಕೆ ಬೀಸುವುದೇ ಪಡುಗಾಳಿ ಎಂಬುದು ನಮ್ಮ ಕರಾವಳಿಯ ಬೆಸ್ತರ ಹುಡುಗನಿಗೂ ಗೊತ್ತು. ನೈಋತ್ಯ ಮಾರುತವೂ ಹಾಗೆಯೇ. ಅದು ನೈಋತ್ಯಕ್ಕೆ ಹೋಗುವುದಲ್ಲ, ನೈಋತ್ಯದಿಂದ ಬರುವುದು. ಆದರೆ ಇದೇ ಮಾತನ್ನು ಕಡಲಿನ ನೀರಿಗೆ ಅನ್ವಯಿಸಿ ನೋಡಿ. ಸಾಗರಶಾಸ್ತ್ರವನ್ನು ಬಲ್ಲವನು ಪಶ್ಚಿಮದ ಪ್ರವಾಹ ಎಂದರೆ ಅದು ಪಶ್ಚಿಮದಿಂದ ಬಂದ ನೀರಲ್ಲ, ಪಶ್ಚಿಮಕ್ಕೆ ಹರಿಯುವ ನೀರು. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಗಾಳಿಯ ಹೆಸರು ಪಂಚಮೀ ವಿಭಕ್ತಿಯಲ್ಲಿದೆ, ನೀರಿನ ಹೆಸರು ಚತುರ್ಥಿಯಲ್ಲಿದೆ. ಒಂದಕ್ಕೆ ‘ಎಲ್ಲಿಂದ’ ಎಂಬುದು ಮುಖ್ಯ. ಇನ್ನೊಂದಕ್ಕೆ ‘ಎಲ್ಲಿಗೆ’ ಎಂಬುದು ಮುಖ್ಯ.

ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿಯೇ. ಮಳೆ ಯಾವ ಕಡೆಯಿಂದ ಬಂದೀತೆಂದು ರೈತನು ನೋಡುತ್ತಾನೆ. ಹಡಗು ಯಾವ ಕಡೆಗೆ ಕೊಚ್ಚಿಹೋದೀತೆಂದು ನಾವಿಕನು ನೋಡುತ್ತಾನೆ. ತೊಡಕು ಹುಟ್ಟುವುದು ಗಾಳಿಯೂ ನೀರೂ ಒಂದನ್ನೊಂದು ಮುಟ್ಟುವ ಕಡೆ, ಎಂದರೆ ಕಡಲಿನ ಮೈಮೇಲೆ. ಆ ಒಂದು ಗೆರೆಯಲ್ಲಿ ಎರಡು ಶಾಸ್ತ್ರಗಳು ಸಂಧಿಸುತ್ತವೆ. ಎರಡು ಪದಗಳು ಸೇರುವಲ್ಲಿ ಅಕ್ಷರಗಳು ಲೋಪವಾಗುವುದೂ ಆದೇಶವಾಗುವುದೂ ಉಂಟಷ್ಟೆ, ಇಲ್ಲಿಯೂ ಹಾಗೆಯೇ.

ಹವಾಮಾನದ ಲೆಕ್ಕಗಳಲ್ಲಿ ತೊಡಗಿರುವ ನನ್ನ ಹಳೆಯ ಶಿಷ್ಯನೊಬ್ಬ ಬೇಸಗೆಯ ರಜೆಯಲ್ಲಿ ಮನೆಗೆ ಬಂದಿದ್ದ. ಅವನು ತಯಾರಿಸಿದ ಅರಬ್ಬೀ ಸಮುದ್ರದ ಒಂದು ನಕ್ಷೆಯಲ್ಲಿ, ಮಳೆಗಾಲದಲ್ಲಿ ತಳದ ನೀರು ಮೇಲಕ್ಕೇರಬೇಕಾದ ತೀರದಲ್ಲಿ ಮೇಲಿನ ನೀರು ಕೆಳಕ್ಕಿಳಿಯುವಂತೆ ತೋರಿತಂತೆ. ಲೆಕ್ಕದಲ್ಲಿ ತಪ್ಪೆಲ್ಲಿದೆಯೆಂದು ಮೂರು ವಾರ ಹುಡುಕಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದೇ ಹೆಸರಿನ ಎರಡು ಕಡತಗಳಲ್ಲಿ ಧನ ಋಣ ಚಿಹ್ನೆಗಳು ಅದಲುಬದಲಾಗಿದ್ದವು. “ಮೇಷ್ಟ್ರೇ, ಇದು ಗಣಿತದ ತಪ್ಪಲ್ಲ, ಶಬ್ದದ ತಪ್ಪು” ಎಂದ. ಶಬ್ದದ ತಪ್ಪೆಂದ ಮೇಲೆ ಅದರಲ್ಲಿ ನನ್ನಂಥವನಿಗೂ ಸ್ವಲ್ಪ ಅಧಿಕಾರವಿದೆಯೆಂದುಕೊಂಡು ಕೇಳಿ ತಿಳಿದೆ. ತಿಳಿದದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ವಸ್ತುವೇನೆಂಬುದನ್ನು ನೋಡೋಣ. ಗಾಳಿ ನೀರಿನ ಮೇಲೆ ಬೀಸುವಾಗ ಅದನ್ನು ಪಕ್ಕಕ್ಕೆ ಉಜ್ಜಿ ಎಳೆಯುತ್ತದೆ. ಒಂದು ಚದರ ಮೀಟರ್ ನೀರಿನ ಮೇಲೆ ಬೀಳುವ ಈ ಉಜ್ಜುಬಲವನ್ನು ಇಂಗ್ಲಿಷಿನಲ್ಲಿ ವಿಂಡ್ ಸ್ಟ್ರೆಸ್ ಎನ್ನುತ್ತಾರೆ. ನಾನು ಇದನ್ನು ಗಾಳಿಯ ಎಳೆತ ಎಂದು ಕರೆಯುತ್ತೇನೆ. ‘ಒತ್ತಡ’ ಎಂದರಾಗದೆ ಎಂದು ಕೇಳುವಿರಿ. ಆಗದು, ಏಕೆಂದರೆ ಗಾಳಿಯ ಭಾರದಿಂದಾಗುವ ಪ್ರೆಷರಿಗೆ ನಾವು ಆಗಲೇ ಒತ್ತಡ ಎಂದು ಹೆಸರಿಟ್ಟಿದ್ದೇವೆ. ಎರಡನ್ನೂ ಅಳೆಯುವ ಮಾನ ಪಾಸ್ಕಲ್ ಒಂದೇ. ಆದರೆ ವಾಯುಮಂಡಲದ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯ ಎಳೆತವಾದರೋ ಸುಮಾರು 0.16 ಪಾಸ್ಕಲ್ ಮಾತ್ರ. ಒಂದು ಚದರ ಮೀಟರ್ ಅಗಲದ ಸಾಧಾರಣ ಬರೆಯುವ ಕಾಗದದ ತೂಕವನ್ನು ಐದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಬಲ! ಇಷ್ಟು ನವುರಾದ ಎಳೆತವೇ ದಿನಗಟ್ಟಲೆ, ಸಾವಿರಾರು ಮೈಲಿಗಳ ಮೇಲೆ ಬಿಡದೆ ಎಳೆದು ಮಹಾಸಾಗರದ ಮೇಲ್ಪದರವನ್ನು ನಡೆಸುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ, ಅದಕ್ಕಿಂತ ತುಸು ಹೆಚ್ಚೇ ಆಗುತ್ತದೆ.

ಎಳೆದ ಕಡೆಗೇ ನೀರು ಹೋಗುತ್ತದೆಯೆ ಎಂದರೆ ಅದೂ ಇಲ್ಲ. ನಾರ್ವೆ ದೇಶದ ನಾನ್ಸೆನ್ ಎಂಬ ಸಾಹಸಿ 1893ರಲ್ಲಿ ಫ್ರಾಮ್ ಎಂಬ ಹಡಗನ್ನು ಉತ್ತರಧ್ರುವದ ಕಡೆಯ ಹಿಮದಲ್ಲಿ ಸಿಕ್ಕಿಸಿ ಅದರೊಡನೆ ತೇಲಿಹೋದ. ಹಿಮದ ಹಾಸು ಗಾಳಿಯ ದಾರಿಯಲ್ಲಿ ನೇರವಾಗಿ ಹೋಗದೆ ಬಲಕ್ಕೆ ವಾಲುವುದನ್ನು ಕಂಡ. ಸ್ವೀಡನ್ನಿನ ಎಕ್‌ಮನ್ ಇದಕ್ಕೆ ಕಾರಣವನ್ನು ಗಣಿತದಿಂದ ಬಿಡಿಸಿ 1905ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ. ಭೂಮಿ ತಿರುಗುವುದರಿಂದ, ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಒಟ್ಟಿನಲ್ಲಿ ಗಾಳಿಯ ಬಲಮಗ್ಗುಲಿಗೆ ಸಾಗುತ್ತದೆ.

ಇದು ನಮ್ಮ ಪಡುಗಡಲಿಗೂ ಸಲ್ಲುವ ಮಾತು. ಮಳೆಗಾಲದಲ್ಲಿ ಕೇರಳ, ಕರ್ನಾಟಕಗಳ ತೀರದ ಹತ್ತಿರ ಗಾಳಿ ಪಶ್ಚಿಮ ವಾಯವ್ಯಗಳಿಂದ ಬೀಸುತ್ತದೆ. ಆದುದರಿಂದ ತೀರದ ಗುಂಟ ಉತ್ತರದಿಂದ ದಕ್ಷಿಣಕ್ಕೆ ಎಳೆಯುವ ಒಂದು ಅಂಶ ಅದರಲ್ಲಿರುತ್ತದೆ. ದಕ್ಷಿಣಕ್ಕೆ ಮುಖಮಾಡಿ ನಿಂತವನಿಗೆ ಬಲಮಗ್ಗುಲು ಪಶ್ಚಿಮವಲ್ಲವೆ? ಮೇಲಿನ ನೀರು ದಡ ಬಿಟ್ಟು ಕಡಲ ಕಡೆಗೆ ಸರಿಯುತ್ತದೆ. ತೆರವಾದ ಜಾಗಕ್ಕೆ ತಳದ ತಣ್ಣೀರು, ಜಲಸಸ್ಯಗಳಿಗೆ ಆಹಾರವಾದ ಲವಣಗಳನ್ನು ಹೊತ್ತು, ಮೇಲೇರುತ್ತದೆ. ಇದೊಂದೇ ಕಾರಣವಲ್ಲವಾದರೂ, ನಮ್ಮ ಕರಾವಳಿಯ ಬೂತಾಯಿ ಬಂಗುಡೆಗಳ ಸಮೃದ್ಧಿಗೆ ಈ ಏರುನೀರು ದೊಡ್ಡ ಆಧಾರ. ಈಗ ಎಳೆತದ ಚಿಹ್ನೆಯನ್ನು ಮಾತ್ರ ತಿರುಗಿಸಿ ನೋಡಿ. ನೀರು ದಡಕ್ಕೆ ಬಂದು ಒತ್ತಿ ಕೆಳಕ್ಕಿಳಿಯುತ್ತದೆ. ಕಾಗದದ ಮೇಲೆ ಒಂದು ಸಣ್ಣ ಗೀಟು. ಕಡಲಿನಲ್ಲಿ ಸುಕಾಲಕ್ಕೆ ಬದಲು ಬರಗಾಲ.

ಚಿಹ್ನೆ ತಿರುಗುವುದಾದರೂ ಹೇಗೆ? ಜಮಾಖರ್ಚಿನ ಪುಸ್ತಕ ಬರೆಯುವವರಿಗೆ ಇದು ಸುಲಭವಾಗಿ ತಿಳಿದೀತು. ಕೊಟ್ಟವನ ಪುಸ್ತಕದಲ್ಲಿ ಖರ್ಚೆಂದು ಬಿದ್ದದ್ದು ಪಡೆದವನ ಪುಸ್ತಕದಲ್ಲಿ ಜಮಾ ಆಗುತ್ತದೆ. ಗಾಳಿ ತನ್ನ ವೇಗದ ಒಂದು ಭಾಗವನ್ನು ಕಡಲಿಗೆ ಕೊಡುತ್ತದೆ. ಗಾಳಿಯ ಲೆಕ್ಕ ಬರೆಯುವವನು ನಷ್ಟವೆಂದು ಬರೆದರೆ ಅದೇ ಮೊತ್ತವನ್ನು ಕಡಲಿನ ಲೆಕ್ಕದವನು ಲಾಭವೆಂದು ಬರೆಯುತ್ತಾನೆ. ಇಬ್ಬರೂ ಸತ್ಯವಂತರು. ಆದರೆ ಇಬ್ಬರೂ ಪುಟದ ನೆತ್ತಿಯ ಮೇಲೆ ಬರಿಯ ‘ಎಳೆತ’ ಎಂದಷ್ಟೆ ಬರೆದಿಟ್ಟರೆ ಮೂರನೆಯವನ ಗತಿಯೇನು?

ಮಾನಗಳ ತೊಡಕೂ ಉಂಟು. ಹಿಂದಿನವರು ಎಳೆತವನ್ನು ಚದರ ಸೆಂಟಿಮೀಟರಿಗೆ ಇಷ್ಟು ಡೈನ್ ಎಂದು ಅಳೆಯುತ್ತಿದ್ದರು. ಅಂಥ ಹತ್ತು ಸೇರಿದರೆ ಒಂದು ಪಾಸ್ಕಲ್. ಯೂರೋಪಿನ ಮಧ್ಯಾವಧಿ ಹವಾ ಮುನ್ಸೂಚನಾ ಕೇಂದ್ರದ ಇಆರ್‌ಎ-5 ಎಂಬ ಪ್ರಸಿದ್ಧ ದತ್ತಾಂಶದಲ್ಲಿ ಎಳೆತವನ್ನು ಗಂಟೆಯುದ್ದಕ್ಕೂ ಕೂಡಿಸಿಟ್ಟ ಮೊತ್ತವೊಂದಿದೆ. ಅದನ್ನು 3600 ಸೆಕೆಂಡುಗಳಿಂದ ಭಾಗಿಸಿದರೆ ಮಾತ್ರ ಸರಾಸರಿ ಎಳೆತ ಸಿಗುತ್ತದೆ. ಸರಾಸರಿಯನ್ನೇ ಹೇಳುವ ಬೇರೊಂದು ಅಂಕಣವೂ ಅದರಲ್ಲಿದೆ. ಹೆಸರನ್ನೂ ಮಾನವನ್ನೂ ಓದದೆ ಅಂಕಿಯನ್ನಷ್ಟೆ ಎತ್ತಿಕೊಂಡವನ ಪಾಡು ತಮ್ಮ ಊಹೆಗೆ ಬಿಟ್ಟದ್ದು. ಮಾನದ ಗೊಂದಲದಿಂದ ಏನಾಗುತ್ತದೆಂಬುದನ್ನು ಜಗತ್ತು ಒಮ್ಮೆ ಕಂಡಿದೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಂಗಳನೌಕೆಯೊಂದು ನಾಶವಾಯಿತು. ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ತಂಡ ನ್ಯೂಟನ್ನಿನ ಲೆಕ್ಕವೆಂದು ತಿಳಿದದ್ದೇ ಅದಕ್ಕೆ ಮೂಲ.

ಪಂಡಿತರ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಎರಡು ಸಂಗತಿಗಳು ನೆನಪಿರುತ್ತವೆ. ಒಂದು, ಒಂದೇ ವಸ್ತುವಿಗೆ ಹಲವು ಹೆಸರು: ವಾಯು, ಅನಿಲ, ಮಾರುತ, ಸಮೀರ, ಪವನ ಎಂದು ಗಾಳಿಗೆ ಸಾಲುಸಾಲು ಪರ್ಯಾಯಪದಗಳು. ಇನ್ನೊಂದು, ನಾನಾರ್ಥವರ್ಗ: ಒಂದೇ ಹೆಸರಿಗೆ ಹಲವು ವಸ್ತು. ‘ಹರಿ’ ಎಂದರೆ ವಿಷ್ಣು, ಸಿಂಹ, ಕುದುರೆ, ಕಪಿ, ಸೂರ್ಯ, ಚಂದ್ರ, ಗಾಳಿಯೂ ಹೌದು! ಕಾವ್ಯಕ್ಕೆ ಇವೆರಡೂ ಅಲಂಕಾರ. ಶ್ಲೇಷವಿಲ್ಲದ ಚಂಪುವನ್ನು ಯಾರು ಮೆಚ್ಚುತ್ತಾರೆ? ಆದರೆ ಅಂಕಿಗಳ ಭಂಡಾರಕ್ಕೆ ಎರಡೂ ರೋಗ. ಪರ್ಯಾಯಪದವಾದರೆ ಹುಡುಕಿದ್ದು ಸಿಗದು. ನಾನಾರ್ಥವಾದರೆ ಸಿಕ್ಕಿದ್ದು ಬೇರೆಯದಾಗಿರುತ್ತದೆ. ಎರಡನೆಯದೇ ಹೆಚ್ಚು ಕೇಡು, ಏಕೆಂದರೆ ಸಿಗಲಿಲ್ಲವೆಂಬುದು ಗೊತ್ತಾಗುತ್ತದೆ, ತಪ್ಪು ಸಿಕ್ಕಿತೆಂಬುದು ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ಹುಡುಕುವ ಕೆಲಸ ಇಂದು ನಿನ್ನೆಯದಲ್ಲ. 1853ರಲ್ಲಿಯೇ ಬ್ರಸೆಲ್ಸ್ ನಗರದಲ್ಲಿ ಕಡಲ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ, ಹಡಗುಗಳಲ್ಲಿ ಗಾಳಿ ಮಳೆಗಳ ವಿವರವನ್ನು ಎಲ್ಲರೂ ಒಂದೇ ಬಗೆಯ ಪಟ್ಟಿಯಲ್ಲಿ ಬರೆಯಬೇಕೆಂದು ಮಾತನಾಡಿಕೊಂಡರು. ಅಮೆರಿಕದ ಮೋರಿ ಎಂಬ ನೌಕಾಧಿಕಾರಿ ಅದರ ಪ್ರೇರಕ. ಗಣಕಯಂತ್ರಗಳ ಕಾಲ ಬಂದಮೇಲೆ, ಹವಾಮಾನ ಮತ್ತು ಸಾಗರದ ದತ್ತಾಂಶಗಳಿಗೆ ಕೋರ್ಡ್ಸ್ ಎಂಬ ಕಟ್ಟಳೆ 1995ರಲ್ಲಿಯೂ, ಅದನ್ನು ವಿಸ್ತರಿಸಿದ ಸಿ.ಎಫ್. ಕಟ್ಟಳೆಯ ಮೊದಲ ಆವೃತ್ತಿ 2003ರಲ್ಲಿಯೂ ಹೊರಬಂದುವು. ಸಿ.ಎಫ್. ಎಂದರೆ ಕ್ಲೈಮೇಟ್ ಮತ್ತು ಫೋರ್‌ಕಾಸ್ಟ್.

ಈ ಕಟ್ಟಳೆಯ ಜಾಣತನ ನನಗೆ ಹಿಡಿಸಿತು. ಶಾಲೆಯಲ್ಲಿ ನಾವು ಮಾಡುವುದೂ ಅದನ್ನೇ. ಹುಡುಗನನ್ನು ಮನೆಯಲ್ಲಿ ಪುಟ್ಟ ಎನ್ನಲಿ, ಗುಂಡ ಎನ್ನಲಿ, ನಮ್ಮ ಆಕ್ಷೇಪವಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ನಿಶ್ಚಿತವಾದ ಒಂದು ಹೆಸರಿರಬೇಕು. ಅಂತೆಯೇ ಸಿ.ಎಫ್. ಕಟ್ಟಳೆ ಆಯಾ ಕೇಂದ್ರದವರ ಮನೆಯ ಹೆಸರನ್ನು ಕಿತ್ತುಕೊಳ್ಳುವುದಿಲ್ಲ. ಅದರ ಪಕ್ಕದಲ್ಲಿ ಸ್ಟ್ಯಾಂಡರ್ಡ್ ನೇಮ್ ಎಂಬ ಪ್ರಮಾಣನಾಮವೊಂದನ್ನು ಬರೆಯಿರಿ, ಮಾನವನ್ನೂ ಬರೆಯಿರಿ ಎನ್ನುತ್ತದೆ. ಪ್ರಮಾಣನಾಮಗಳ ಪಟ್ಟಿಯೊಂದಿದೆ, ಪ್ರತಿ ಹೆಸರಿಗೂ ಅರ್ಥವಿವರಣೆಯಿದೆ. ಹೆಸರನ್ನು ತಿದ್ದಬೇಕಾಗಿ ಬಂದರೆ ಹಳೆಯದನ್ನು ಅಳಿಸುವುದಿಲ್ಲ. ಉಪನಾಮವೆಂದು ಉಳಿಸಿಕೊಳ್ಳುತ್ತಾರೆ, ಹಳೆಯ ಕಡತಗಳು ಅನಾಥವಾಗದಿರಲೆಂದು.

ಗಾಳಿಯ ಎಳೆತದ ಪ್ರಮಾಣನಾಮ ಇದು: ಸರ್ಫೇಸ್ ಡೌನ್‌ವರ್ಡ್ ಈಸ್ಟ್‌ವರ್ಡ್ ಸ್ಟ್ರೆಸ್. ಇದೊಂದು ಸಮಾಸ, ವಿಗ್ರಹವಾಕ್ಯ ಮಾಡಿ ನೋಡೋಣ. ಸರ್ಫೇಸ್ ಎಂಬುದು ಅಧಿಕರಣ, ಎಲ್ಲಿ ಎಂಬುದಕ್ಕೆ ಉತ್ತರ: ಮೇಲ್ಮೈಯಲ್ಲಿ. ಡೌನ್‌ವರ್ಡ್ ಎಂದರೆ ಕೊಡುಕೊಳೆ ನಡೆಯುವ ದಿಕ್ಕು: ಮೇಲಿನಿಂದ ಕೆಳಕ್ಕೆ. ಈಸ್ಟ್‌ವರ್ಡ್ ಎಂದರೆ ಕೊಟ್ಟ ವಸ್ತುವಿನ ದಿಕ್ಕು: ಪೂರ್ವಕ್ಕೆ ಮುಖಮಾಡಿದ ಚಲನೆ. ಅಂಕಿ ಧನವಾಗಿದ್ದರೆ ಕೆಳಗಿನ ನೀರು ಪೂರ್ವಕ್ಕೆ ತಳ್ಳಲ್ಪಡುತ್ತದೆ, ಮೇಲಿನ ಗಾಳಿ ಪಶ್ಚಿಮಕ್ಕೆ ಹಿಂದೆಳೆಯಲ್ಪಡುತ್ತದೆ. ‘ಎಲ್ಲಿಂದ’ ಎಂಬ ಪಂಚಮಿಯನ್ನು ಬಿಟ್ಟು ‘ಎಲ್ಲಿಗೆ’ ಎಂಬ ಚತುರ್ಥಿಯನ್ನೇ ಹಿಡಿದದ್ದರಿಂದ ಪಡುಗಾಳಿಯ ಗೊಂದಲ ಹೋಯಿತು. ಕೊಡುಕೊಳೆಯ ದಿಕ್ಕನ್ನೂ ಹೆಸರಿನಲ್ಲೇ ಸೇರಿಸಿದ್ದರಿಂದ ಜಮಾಖರ್ಚಿನ ಗೊಂದಲವೂ ಹೋಯಿತು. ಉತ್ತರಕ್ಕೆ ಎಳೆಯುವ ಅಂಶಕ್ಕೆ ಈಸ್ಟ್‌ವರ್ಡ್ ಇದ್ದೆಡೆ ನಾರ್ತ್‌ವರ್ಡ್ ಎಂದರಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸಾಗರದ ಲೆಕ್ಕಗಳಲ್ಲಿ ಭೂಗೋಳವನ್ನು ಚೌಕಗಳಾಗಿ ಹೆಣೆಯುವಾಗ, ಉತ್ತರಧ್ರುವದಲ್ಲಿ ಗೆರೆಗಳೆಲ್ಲ ಒಂದೇ ಬಿಂದುವಿಗೆ ಕೂಡುವುದನ್ನು ತಪ್ಪಿಸಲು ಆ ಬಿಂದುವನ್ನು ನೆಲದ ಮೇಲಕ್ಕೆ ಸರಿಸುವ ಪದ್ಧತಿಯುಂಟು. ಆಗ ಚೌಕದ ಅಡ್ಡಗೆರೆ ನಿಜವಾದ ಪೂರ್ವಪಶ್ಚಿಮಗೆರೆಯಾಗಿರುವುದಿಲ್ಲ. ಓರೆಯಾಗಿ ಕಟ್ಟಿದ ಮನೆಯ ಬಾಗಿಲಂತೆ ತನ್ನದೇ ದಿಕ್ಕಿಗಿರುತ್ತದೆ. ಅಂಥ ಕಡೆ ಈಸ್ಟ್‌ವರ್ಡ್ ಎಂದರೆ ಸುಳ್ಳಾಗುತ್ತದೆ. ಆದಕಾರಣ ‘ಎಕ್ಸ್’ ಎಂದು ಬರೆಯುತ್ತಾರೆ. ಹಿಮ ಹೆಪ್ಪುಗಟ್ಟಿದ ಕಡಲಿನಲ್ಲಿ ಇನ್ನೂ ಒಂದು ಪೇಚು. ಗಾಳಿ ಎಳೆಯುವುದು ಹಿಮವನ್ನು, ಹಿಮ ಎಳೆಯುವುದು ನೀರನ್ನು. ಗಾಳಿ ಕೊಟ್ಟದ್ದೂ ನೀರು ಪಡೆದದ್ದೂ ಅಲ್ಲಿ ಒಂದೇ ಅಲ್ಲ. ನಡುವೆ ಒಬ್ಬ ದಲಾಲಿಯಿದ್ದಾನೆ. ಆದುದರಿಂದ ನೀರಿನ ಮೈಮೇಲೆ ಬೀಳುವ ಎಳೆತಕ್ಕೆ ‘ಸಮುದ್ರಜಲದ ಮೇಲ್ಮೈಯಲ್ಲಿ’ ಎಂದು ಬಿಡಿಸಿ ಹೇಳುವ ಬೇರೆ ಹೆಸರನ್ನೇ ಕೊಟ್ಟಿದ್ದಾರೆ. ಜಗತ್ತಿನ ಹವಾಮಾನ ಮಾದರಿಗಳನ್ನು ಹೋಲಿಸುವ ಸಿಮಿಪ್ ಎಂಬ ಯೋಜನೆಯಲ್ಲಿಯೂ ವಾಯುಮಂಡಲದ ಕಡತಕ್ಕೆ ‘ಟೌಯು’ ಎಂದೂ ಸಾಗರದ ಕಡತಕ್ಕೆ ‘ಟೌಯುಓ’ ಎಂದೂ ಬೇರೆ ಬೇರೆ ಕಿರುಹೆಸರುಗಳಿವೆ. ಈ ಯೋಜನೆಯ ಆರನೆಯ ಸುತ್ತಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮಾದರಿಯೂ ಭಾಗವಹಿಸಿತು. ಹೆಸರು ಒಂದಾದುದರಿಂದಲೇ ಪುಣೆಯ ಅಂಕಿಯನ್ನು ಇನ್ನೊಂದು ಕೇಂದ್ರದ ಅಂಕಿಯ ಪಕ್ಕದಲ್ಲಿಟ್ಟು ತೂಗುವುದು ಸಾಧ್ಯ.

ಹೆಸರು ಉದ್ದವಾಯಿತೆಂದು ಕೆಲವರು ಗೊಣಗುತ್ತಾರಂತೆ. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿಸುವುದು ವೈಯಾಕರಣರಿಗೆ ಪುತ್ರೋತ್ಸವಕ್ಕೆ ಸಮನೆಂಬ ಮಾತು ನಮ್ಮಲ್ಲಿಯೂ ಇದೆಯಷ್ಟೆ. ಆದರೆ ಸೂತ್ರ ಕಿರಿದಾದಷ್ಟೂ ವ್ಯಾಖ್ಯಾನ ಹಿರಿದಾಗುತ್ತದೆ ಎಂಬುದನ್ನು ಮರೆಯಬಾರದು. ವ್ಯಾಖ್ಯಾನಕಾರನು ಇಲ್ಲದ ಕಡೆ ಕಿರಿದಾದ ಸೂತ್ರ ಅಪಾಯ. ದತ್ತಾಂಶವನ್ನು ಬರೆದಿಟ್ಟವನು ಐವತ್ತು ವರ್ಷದ ಮೇಲೆ ಅದನ್ನು ಓದುವವನ ಪಕ್ಕದಲ್ಲಿ ಕುಳಿತಿರುವುದಿಲ್ಲ. ಕುಳಿತಿರುವುದು ಅವನು ಕೊಟ್ಟ ಹೆಸರೊಂದೇ. ಅದು ತನ್ನ ಅರ್ಥವನ್ನು ತಾನೇ ಹೇಳುವಂತಿರಬೇಕು.

ನನ್ನ ಶಿಷ್ಯ ಈಗ ಯಾವ ಕಡತವನ್ನು ತೆರೆದರೂ ಮೊದಲು ಪ್ರಮಾಣನಾಮವನ್ನೂ ಮಾನವನ್ನೂ ಓದಿ ಆಮೇಲೆ ಅಂಕಿಗೆ ಕೈಹಾಕುತ್ತಾನಂತೆ. ಪದಚ್ಛೇದ ಮಾಡದೆ ಪದ್ಯಕ್ಕೆ ಅರ್ಥ ಹೇಳಬೇಡವೆಂದು ನಾನು ತರಗತಿಯಲ್ಲಿ ಅವನಿಗೆ ಹೇಳಿದ್ದೂ ಹೆಚ್ಚುಕಡಮೆ ಅದೇ. ತಾವೂ ಇನ್ನೊಮ್ಮೆ ರೇಡಿಯೋದಲ್ಲಿ ಹವಾವರ್ತಮಾನವನ್ನು ಕೇಳುವಾಗ ‘ನೈಋತ್ಯದಿಂದ’ ಎಂಬಲ್ಲಿಯ ಆ ಪುಟ್ಟ ‘ಇಂದ’ ಪ್ರತ್ಯಯಕ್ಕೆ ಸ್ವಲ್ಪ ಕಿವಿಗೊಡಿ. ಗಾಳಿ ಯಾವ ಕಡೆಯದೆಂಬುದನ್ನು ಹೇಳುತ್ತಿರುವುದು ಅದೇ.