ಊರಿನ ವಸ್ತುಸಂಗ್ರಹಾಲಯ: ಕೊಟ್ಟವರ ನಂಬಿಕೆ, ಪಡೆದವರ ಹೊಣೆ



ಮಲೆನಾಡಿನ ಹಳೆಯ ಮನೆಗಳ ಅಟ್ಟ ಹತ್ತಿದರೆ ಒಂದು ವಸ್ತುಸಂಗ್ರಹಾಲಯಕ್ಕೆ ಸಾಲುವಷ್ಟು ಸಾಮಗ್ರಿ ದೊರೆಯುತ್ತದೆ: ಕೊಳಗ, ಸಿದ್ದೆ, ಗೊರಬು, ತಾಳೆಗರಿಯ ಕಟ್ಟು, ಮಸಿ ಹಿಡಿದ ಕಡತ. ಇವನ್ನು ಶಾಲೆಯ ಖಾಲಿ ಕೋಣೆಯಲ್ಲೋ ಪಂಚಾಯಿತಿಯ ಹಳೆಯ ಕಟ್ಟಡದಲ್ಲೋ ಜೋಡಿಸಿಡುವ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಕೊಟ್ಟವರು ಏನನ್ನು ನಂಬಿ ಕೊಟ್ಟರು ಎಂಬುದನ್ನು ಮರೆತರೆ ಸಂಗ್ರಹಾಲಯಕ್ಕೂ ಗುಜರಿ ಅಂಗಡಿಗೂ ಹೆಚ್ಚಿನ ಅಂತರ ಉಳಿಯದು.

ಶರಾವತಿ ಕಣಿವೆಯನ್ನೇ ನೋಡಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಊರುಗಳು ನೀರಿನಡಿ ಸೇರಿದವು. ಅದಕ್ಕೂ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೂ ಅದೇ ಹಿನ್ನೀರಿನಲ್ಲಿ ಮುಳುಗಿತು. ಎತ್ತಂಗಡಿಯಾದವರು ಹೊತ್ತು ತಂದದ್ದರಲ್ಲಿ ದೇವರ ಪೆಟ್ಟಿಗೆಯ ಜೊತೆಗೆ ಕಂದಾಯದ ರಸೀತಿ, ಹಳೆಯ ಪಹಣಿ, ಸರ್ಕಾರದ ನೋಟೀಸುಗಳೂ ಇದ್ದವು. ಇತಿಹಾಸ ಬರೆಯುವವನಿಗೆ ಇವು ಅಮೂಲ್ಯ ದಾಖಲೆ. ಆದರೆ ಸಂತ್ರಸ್ತರ ಭೂಹಕ್ಕಿನ ಪ್ರಶ್ನೆ ದಶಕಗಳುರುಳಿದರೂ ಬಗೆಹರಿಯಲಿಲ್ಲ. ಆ ಕಾಗದ ಮನೆಯವರಿಗೆ ಇಂದಿಗೂ ಸಾಕ್ಷ್ಯ. ಆದ್ದರಿಂದ ಮೂಲಪ್ರತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಸಲ್ಲದು. ನಕಲು ತೆಗೆದು ಮೂಲವನ್ನು ಹಿಂದಿರುಗಿಸಬೇಕು. ನಕಲನ್ನು ಪ್ರದರ್ಶಿಸಲೂ ಮನೆಯವರ ಒಪ್ಪಿಗೆ ಬೇಕು. ಪ್ರದರ್ಶನದ ಭಿತ್ತಿಯ ಮೇಲೆ ವಿದ್ಯುತ್ತಿನ ಕಥೆ ಮಾತ್ರವಿದ್ದು, ಮುಳುಗಿದ ಊರಿನ ಹೆಸರೇ ಇಲ್ಲವಾದರೆ ಅದು ಅರ್ಧ ಇತಿಹಾಸ.

ಹಸೆ ಚಿತ್ತಾರದ ವಿಷಯದಲ್ಲಿ ಇನ್ನೊಂದು ಬಗೆಯ ಅನ್ಯಾಯ ನಡೆಯುತ್ತದೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ನಾರಿನ ಕುಂಚದಿಂದ ಎಳೆಯುವ ಆ ಗೆರೆಗಳ ಲೆಕ್ಕಾಚಾರ ಸಾಮಾನ್ಯವಾದುದಲ್ಲ. ಅದನ್ನು ತಂದು ತೂಗುಹಾಕಿ, ಕೆಳಗೆ ‘ಜಾನಪದ ಕಲೆ’ ಎಂದಷ್ಟೇ ಬರೆಯುವ ರೂಢಿ ಬೆಳೆದಿದೆ. ಬರೆದಾಕೆ ಪಕ್ಕದ ಊರಿನಲ್ಲೇ ಇದ್ದರೂ ಆಕೆಯ ಹೆಸರಿಲ್ಲ! ಆಕೆ ಬಯಸಿದರೆ ಹೆಸರು, ಊರು ಕಾಣಿಸಬೇಕು. ಚಿತ್ತಾರವನ್ನು ಅಂಚೆಪತ್ರವಾಗಿಯೋ ಕ್ಯಾಲೆಂಡರಾಗಿಯೋ ಮಾರಿದರೆ ಪಾಲು ಆಕೆಗೆ ಸಲ್ಲಬೇಕು.

ಯಾವುದನ್ನು ತರಬಾರದು ಎಂಬ ವಿವೇಕವೂ ಅಷ್ಟೇ ಮುಖ್ಯ. ಗದ್ದೆಯ ಬದುವಿನ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಇಂದಿಗೂ ಹೂವು ಏರುತ್ತದೆ. ಯಾವ ದಾರಿಯಲ್ಲಿ, ಯಾವ ಊರಿನ ಗಡಿಯಲ್ಲಿ ನಿಂತಿದೆ ಎಂಬುದರಲ್ಲಿಯೇ ಅದರ ಅರ್ಥದ ಬಹುಪಾಲು ಅಡಗಿದೆ. ಕಿತ್ತು ತಂದರೆ ಕಲ್ಲು ಮಾತ್ರ ಬರುತ್ತದೆ. ಚಿತ್ರ ತೆಗೆದು, ಶಾಸನವಿದ್ದರೆ ಪ್ರತಿ ಮಾಡಿಕೊಂಡು, ಅಲ್ಲಿಯೇ ನೆರಳು ಕಟ್ಟಿಸುವುದು ಲೇಸು. ನೂರು ವರ್ಷ ದಾಟಿದ ಶಿಲ್ಪಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ಅಗೆದಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು. ಹುಲಿಯ ಚರ್ಮ, ಕಾಟಿಯ ಕೊಂಬುಗಳನ್ನು ‘ಅಜ್ಜನ ಕಾಲದ್ದು’ ಎಂದು ಯಾರಾದರೂ ಕೊಡಬಂದರೆ, ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನೆದು ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು.

ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು 1986ರಲ್ಲಿ ಅಂಗೀಕರಿಸಿ 2004ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆಯಲ್ಲಿ ಹೀಗೆಯೇ ಹೇಳಿದೆ: ನ್ಯಾಯವಾದ ಒಡೆತನ ಖಚಿತವಾಗದೆ ವಸ್ತುವನ್ನು ಪಡೆಯಕೂಡದು, ಪವಿತ್ರವೆಂದು ಭಾವಿಸುವ ವಸ್ತುಗಳನ್ನು ಆಯಾ ಸಮುದಾಯದ ನಂಬಿಕೆಗೆ ಹೊಂದುವಂತೆ ನಡೆಸಿಕೊಳ್ಳಬೇಕು. ದೊಡ್ಡ ನಗರಗಳ ಸಂಗ್ರಹಾಲಯಗಳನ್ನು ಮನಸ್ಸಿನಲ್ಲಿಟ್ಟು ಬರೆದ ಮಾತಾದರೂ ಒಂದು ಕೋಣೆಯ ಸಂಗ್ರಹಕ್ಕೂ ಅದು ಸಲ್ಲುತ್ತದೆ.

ಇವೆಲ್ಲಕ್ಕೂ ಬೇಕಾದ ಸಾಧನ ಒಂದು ದಪ್ಪ ರಟ್ಟಿನ ದಾಖಲೆ ಪುಸ್ತಕ. ಕೊಟ್ಟವರು ಯಾರು, ಎಲ್ಲಿಂದ ಬಂತು, ದಾನವೋ ಎರವಲೋ, ಷರತ್ತೇನು, ಎಲ್ಲವೂ ಅಂದೇ ಬರೆದು ಸಹಿಯಾಗಬೇಕು. ಓದು ಬಾರದವರಿಗೆ ಬರೆದುದನ್ನು ಓದಿ ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು, ಗೆದ್ದಲುಗಳಿಂದ ತಾಳೆಗರಿಯನ್ನು ಕಾಯಲಾಗದ ಸಂಸ್ಥೆ, ಪುಕ್ಕಟೆ ಬಂತೆಂದು ಅದನ್ನು ಪಡೆಯದಿರುವುದೇ ಪ್ರಾಮಾಣಿಕತೆ. ಕೆಳದಿಯ ಸಂಗ್ರಹಾಲಯದಂತಹ ಕಡೆಗೆ ದಾರಿ ತೋರಿಸಬಹುದು.

ಸಂಘಗಳು ಒಡೆಯುತ್ತವೆ, ಉತ್ಸಾಹಿಗಳು ಊರು ಬಿಡುತ್ತಾರೆ. ಬಾಗಿಲು ಮುಚ್ಚುವ ದಿನ ಬಂದರೆ ಯಾವ ವಸ್ತು ಯಾರ ಮನೆಗೆ ಮರಳಬೇಕು ಎಂಬುದನ್ನು ಆ ಪುಸ್ತಕದ ಮೊದಲ ಪುಟದಲ್ಲಿ, ಬಾಗಿಲು ತೆರೆಯುವ ದಿನವೇ ಬರೆದಿಡುವುದು ಒಳ್ಳೆಯದು.