ಅಕ್ಷರಕ್ಕೆ ಕೀಲಿ ಜೋಡಿಸಿದವರು



ಗಣಕಯಂತ್ರಗಳ ಪ್ರದರ್ಶನವನ್ನು ಉದ್ಘಾಟಿಸುವವನು ಬ್ಯಾಬೇಜ್, ಲವ್‌ಲೇಸ್ ಮೊದಲಾದ ಪಾಶ್ಚಾತ್ಯರ ನಾಮಸ್ಮರಣೆಯಿಂದ ಆರಂಭಿಸುವುದು ವಾಡಿಕೆ. ಆ ಮಹನೀಯರಲ್ಲಿ ನನಗೆ ಗೌರವವುಂಟು. ಆದರೆ ಈ ಮೇಜುಗಳ ಮೇಲಿನ ಯಂತ್ರಗಳಿಗೆ ಕನ್ನಡದ ಅಕ್ಷರಾಭ್ಯಾಸ ಮಾಡಿಸಿದವರಲ್ಲಿ ಅಗ್ರಗಣ್ಯರೊಬ್ಬರು ನಮ್ಮ ನಾಡಿನಲ್ಲಿಯೇ ಹುಟ್ಟಿದವರಾಗಿರಲು, ನನಗೆ ದೊರೆತಿರುವ ಅಲ್ಪಕಾಲವನ್ನು ಅವರಿಗೇ ಮೀಸಲಿಡುವುದು ನ್ಯಾಯವೆಂದು ಭಾವಿಸಿದ್ದೇನೆ.

ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಪದ್ಮನಾಭ ರಾಯರು, ಅಂದರೆ ನಾಡೋಜ ಕೆ.ಪಿ. ರಾವ್ ಅವರು, ಗಣಕವಿಜ್ಞಾನವೆಂಬುದು ನಮ್ಮ ಕಾಲೇಜುಗಳಲ್ಲಿ ಪಾಠ್ಯವಿಷಯವೇ ಆಗಿರದಿದ್ದ ಕಾಲದ ವಿದ್ಯಾರ್ಥಿಗಳು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ತರುವಾಯ ಅಚ್ಚುಮೊಳೆ ಜೋಡಣೆಯ ಯಂತ್ರಗಳಿಗೆ ಹೆಸರಾದ ಮೋನೋಟೈಪ್ ಸಂಸ್ಥೆಯಲ್ಲಿಯೂ ದುಡಿದುದರಿಂದ, ಯಂತ್ರದ ಗಣಿತವೂ ಲಿಪಿಯ ಅಂಗರಚನೆಯೂ ಅವರಿಗೆ ಏಕಕಾಲದಲ್ಲಿ ವಶವಾದುವು. ಈ ಯೋಗ ವಿರಳ.

ಹಳೆಯ ಬೆರಳಚ್ಚುಯಂತ್ರದಲ್ಲಿ ಕನ್ನಡವನ್ನು ಬರೆಯುವವನು ಅಕ್ಷರವನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುತುಂಡಾಗಿ ಒಡೆದು ಮತ್ತೆ ಕೂಡಿಸಬೇಕಾಗಿತ್ತು; ಗಮನವೆಲ್ಲ ಆಕಾರದ ಮೇಲೆ. ರಾಯರು ಈ ಕ್ರಮವನ್ನೇ ತಿರುವುಮುರುವು ಮಾಡಿದರು. ಮನುಷ್ಯನು ಉಚ್ಚಾರಣೆಯ ಕ್ರಮದಲ್ಲಿ ಧ್ವನಿಯನ್ನು ಒತ್ತಿದರೆ ಸಾಕು, ಆಕಾರದ ಹೊಣೆ ಯಂತ್ರದ್ದು. ನಮ್ಮ ಜಿಲ್ಲೆಯ ಹೆಮ್ಮೆಯಾದ ‘ಹೊಯ್ಸಳ’ ಶಬ್ದವನ್ನೇ ತೆಗೆದುಕೊಳ್ಳಿ. ಎಚ್, ಓ ಎಂಬೆರಡು ಕೀಲಿಗಳಿಂದ ‘ಹೊ’ ಮೂಡುತ್ತದೆ. ವೈ ಒತ್ತಿದೊಡನೆ ‘ಯ’. ಬಳಿಕ ಎಫ್ ಒತ್ತಿದರೆ ಅದರ ಸ್ವರ ಕಳಚಿ, ಮುಂದೆ ಬರುವ ಎಸ್ ತಾನಾಗಿಯೇ ಕೆಳಗಿಳಿದು ಒತ್ತಕ್ಷರವಾಗಿ ಕುಳಿತುಕೊಳ್ಳುತ್ತದೆ. ಶಿಫ್ಟ್ ಹಿಡಿದು ಎಲ್ ಒತ್ತಿದಲ್ಲಿ ‘ಳ’. ನಮ್ಮ ವರ್ಣಮಾಲೆಯಲ್ಲಿ ಸಮಾನ ಧ್ವನಿಯಿಲ್ಲದ ಎಫ್‌ಗೆ ಕೆಲಸವಿಲ್ಲವೆಂದು ಬಿಡದೆ ಅಕ್ಷರಗಳನ್ನು ಬೆಸೆಯುವ ಅತ್ಯಂತ ಶ್ರಮದ ಕೆಲಸವನ್ನು ಅದಕ್ಕೇ ವಹಿಸಿದ ಚಾತುರ್ಯವನ್ನು ನಾನು ಎಷ್ಟು ಮೆಚ್ಚಿದರೂ ಸಾಲದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ, ಸುಮಾರು ಕ್ರಿ.ಶ. 450ರಲ್ಲಿ, ಕಲ್ಲಿನ ಮೇಲೆ 16 ಸಾಲು ಕೊರೆದ ಲಿಪಿಕಾರನಿಗೂ ಒತ್ತಕ್ಷರಕ್ಕೆ ಜಾಗ ಹೊಂದಿಸುವ ಚಿಂತೆ ಇದ್ದೇ ಇದ್ದಿತು!

ಈ ವಿನ್ಯಾಸವನ್ನಳವಡಿಸಿದ ತಂತ್ರಾಂಶಕ್ಕೆ ರಾಯರು ಇಟ್ಟ ಹೆಸರು ‘ಸೇಡಿಯಾಪು’. ಛಂದಸ್ಸಿನ ಮಹಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಗಣಕದ ಕ್ರಮವಿಧಿಗೆ ಇಟ್ಟವರ ಮನಸ್ಸು ಎಲ್ಲಿ ಬೇರೂರಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದನ್ನು ಅವರು ಮಾರಲಿಲ್ಲ. ಬೇಕೆಂದವರಿಗೆಲ್ಲ ಬಿಟ್ಟಿಯಾಗಿಯೇ ಕೊಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶವು ಇದೇ ಕೀಲಿಮಣೆಯನ್ನು ಆಶ್ರಯಿಸಿತು, ಸರ್ಕಾರಿ ಕಚೇರಿಗಳ ಆದೇಶ, ನಡಾವಳಿಗಳು ಅದರಲ್ಲಿಯೇ ಸಿದ್ಧವಾಗತೊಡಗಿದುವು. ದಿನವೆಲ್ಲ ಆ ಕೀಲಿಗಳ ಮೇಲೆ ಬೆರಳಾಡಿಸುವ ಗುಮಾಸ್ತರಲ್ಲಿ ಕರ್ತೃವಿನ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ! ಕೇಳಲು ನನಗೆ ಧೈರ್ಯವಿಲ್ಲ. ರಾಯರಾದರೋ ಗಣಕದಲ್ಲಿಯೇ ನಿಂತವರಲ್ಲ, ‘ವರ್ಣಕ’ವೆಂಬ ಕಾದಂಬರಿಯನ್ನೂ ಬರೆದರು.

ಪ್ರದರ್ಶನವು ಉದ್ಘಾಟಿತವಾಯಿತೆಂದು ಸಾರುತ್ತೇನೆ. ಇದನ್ನು ಕೈಯಾರೆ ಅಣಿಗೊಳಿಸಿರುವ ವಿದ್ಯಾರ್ಥಿಗಳಲ್ಲಿ ಒಂದೇ ವಿಜ್ಞಾಪನೆ: ‘ನಮಗೆ ಇದೆಲ್ಲಾ ಬರೋದಿಲ್ಲ ಕಣಪ್ಪಾ’ ಎಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರನ್ನು ಮೊದಲು ಕರೆತನ್ನಿ, ಅವರವರ ಊರಿನ ಹೆಸರನ್ನು ಅವರವರ ಬೆರಳಿನಿಂದಲೇ ಬರೆಯಿಸಿ. ಈ ಹೋಬಳಿಯ ಹೆಸರಾದ ‘ಹಳೇಕೋಟೆ’ಗೆ ಏಳು ಕೀಲಿಗಳು ಸಾಕು.