ಒಂಟೆಯ ದುಡಿಮೆ ತೀರಿದ ಮೇಲೆ



ಆಸ್ಟ್ರೇಲಿಯದ ಮರುಭೂಮಿಗೆ ಒಂಟೆ ಹೊರಗಿನದು. 1860ರಲ್ಲಿ ಕರಾಚಿಯಿಂದ 24 ಒಂಟೆಗಳು ಹಡಗೇರಿ ಮೆಲ್ಬೋರ್ನಿಗೆ ಹೋದವು, ಮುಂದೆ ಸಾವಿರಾರು. ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟ ಬಲೂಚಿ, ಪಂಜಾಬಿ, ಅಫಘಾನರು ಅವನ್ನು ನಡೆಸಿದರು. ಉಣ್ಣೆ, ತಂತಿಕಂಬ, ದಿನಸಿ ಎಲ್ಲಕ್ಕೂ ಒಂಟೆಯ ಬೆನ್ನೇ ಗತಿ.

1920ರ ದಶಕದಲ್ಲಿ ಮೋಟಾರು ಲಾರಿ ಬಂದಿತು. ಒಂಟೆಗಳನ್ನು ಬಯಲಿಗೆ ಬಿಟ್ಟರು. ಅವು ಹಿಂಡುಗಟ್ಟಿ ಬೆಳೆದು, ಬರಗಾಲದಲ್ಲಿ ನೀರಿನ ಹೊಂಡಗಳನ್ನು ಬತ್ತಿಸಿದವು, ಕೆಡಿಸಿದವು. ಅಲ್ಲಿಯ ಮೂಲನಿವಾಸಿಗಳಿಗೂ ಕಾಡುಪ್ರಾಣಿಗಳಿಗೂ ಆ ಹೊಂಡಗಳೇ ಜೀವ. ಆದ್ದರಿಂದ 2009ರಿಂದ 2013ರೊಳಗೆ ಸುಮಾರು 1,60,000 ಒಂಟೆಗಳನ್ನು ತೆಗೆದುಹಾಕಿದರು. ಬಹುಪಾಲು ಗುಂಡಿಗೆ ಬಲಿ.

ಹೊಂಡ ಉಳಿಯಲು ಇದು ಅಗತ್ಯವೆಂದು ನಾವು ಒಪ್ಪುತ್ತೇವೆ. ಆದರೆ ತಪ್ಪು ಒಂಟೆಯದಲ್ಲ. ದುಡಿಸಲು ಕರೆತಂದವರು, ದುಡಿಮೆ ತೀರಿದ ದಿನದ ಯೋಚನೆಯನ್ನೂ ಮೊದಲೇ ಮಾಡಬೇಕಿತ್ತು.